ಪ್ರಾಥಮಿಕ ಶಾಲೆಯಿಂದ ಮನೆಗೆ ವಾರದ ಪತ್ರ: ಮಗುವಿನ ಕಲಿಕೆ, ಮಗುವಿನ ಮನಸ್ಸು ಎರಡನ್ನೂ ಪೋಷಕರಿಗೆ ಮುಟ್ಟಿಸುವ ಬಗೆ

"ಇವತ್ತು ಶಾಲೆಯಲ್ಲಿ ಏನು ಕಲಿತೆ?" ಅಂತ ಕೇಳಿದರೆ ಏಳು ವರ್ಷದ ಮಗು ಸಾಮಾನ್ಯವಾಗಿ ಹೇಳುವ ಉತ್ತರ "ಏನಿಲ್ಲ." ಮಗು ಸುಳ್ಳು ಹೇಳುತ್ತಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ನಡೆದದ್ದನ್ನೆಲ್ಲ ಜೋಡಿಸಿ ಒಂದು ಉತ್ತರ ಮಾಡುವುದು ಆ ವಯಸ್ಸಿಗೆ ಕಷ್ಟ. ಅದೇ, "ದಾರ ಹಿಡಿದು ಬೆಂಚು ಅಳೆದಿರಂತೆ, ಯಾರ ಬೆಂಚು ಉದ್ದ ಬಂತು?" ಅಂತ ಕೇಳಿ ನೋಡಿ. ಮಾತು ನಿಲ್ಲುವುದಿಲ್ಲ. ಆ ಪ್ರಶ್ನೆ ಪೋಷಕರ ಬಾಯಿಗೆ ಬರಬೇಕಾದರೆ ಬೆಂಚು ಅಳೆದ ಸಂಗತಿ ಅವರಿಗೆ ಗೊತ್ತಿರಬೇಕು. ಅದನ್ನು ಹೇಳುವವರು ಟೀಚರ್ ಬಿಟ್ಟರೆ ಬೇರೆ ಯಾರೂ ಇಲ್ಲ.

ಈ ಮಾರ್ಗದರ್ಶಿ ಒಂದರಿಂದ ಐದನೇ ತರಗತಿವರೆಗೆ ಪಾಠ ಮಾಡುವವರಿಗೆ ಮತ್ತು ಅಂಥ ಶಾಲೆಗಳ ಮುಖ್ಯ ಶಿಕ್ಷಕರಿಗೆ. ಶಾಲೆಯಿಂದ ಮನೆಗೆ ಹೋಗುವ ಪತ್ರಗಳು ಬಹಳಷ್ಟು ಸಲ ಶಾಲೆಯ ಬಗ್ಗೆಯೇ ಇರುತ್ತವೆ. ಏನೇನು ಕಾರ್ಯಕ್ರಮ ಆಯಿತು, ಯಾರು ಬಂದರು, ಯಾವ ಬಹುಮಾನ ಸಿಕ್ಕಿತು ಇತ್ಯಾದಿ. ಓದುವವರಿಗೆ ಬೇಕಾದದ್ದು ಅದಲ್ಲ. ಪತ್ರ ಚೆನ್ನಾಗಿದೆಯೋ ಇಲ್ಲವೋ ನೋಡಲು ನಾನು ಕೇಳಿಕೊಳ್ಳುವುದು ಒಂದೇ: ಇದನ್ನು ಓದಿದ ಅಪ್ಪ ಅಮ್ಮನಿಗೆ ಇವತ್ತು ರಾತ್ರಿ ಮಗುವಿನ ಜೊತೆ ಮಾತಾಡಲು ಏನಾದರೂ ಸಿಕ್ಕಿತಾ? ಸಿಗದಿದ್ದರೆ ಅದು ಬರೀ ನೋಟೀಸು.

ಹಂತ 1: ನೋಟೀಸು ಬೇರೆ, ಪತ್ರ ಬೇರೆ ಮಾಡಿ

ಶುಲ್ಕದ ಕೊನೆಯ ದಿನ, ರಜೆ, ಸಮವಸ್ತ್ರ, ಬಸ್ ಸಮಯ ಇವೆಲ್ಲ ನೋಟೀಸಿಗೆ ಸೇರಿದ್ದು. ಇವನ್ನು ಕಲಿಕೆಯ ಸುದ್ದಿಯ ಜೊತೆ ಒಂದೇ ಹಾಳೆಯಲ್ಲಿ ತುರುಕಬೇಡಿ. ದಿನಾಂಕ ಹುಡುಕುವ ಕಣ್ಣು ದಿನಾಂಕ ಸಿಕ್ಕಿದ ತಕ್ಷಣ ಓದುವುದನ್ನು ನಿಲ್ಲಿಸುತ್ತದೆ. ಎರಡನ್ನೂ ಒಟ್ಟಿಗೇ ಕಳಿಸಲೇಬೇಕು ಅಂತಿದ್ದರೆ ದಿನಾಂಕಗಳನ್ನು ಕೆಳಗೆ ಒಂದು ಚೌಕದಲ್ಲಿ ಹಾಕಿ, ಪ್ರತಿ ಸಲ ಅದೇ ಜಾಗದಲ್ಲಿ.

ಹಂತ 2: ಯಾರು ಓದುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ

ವರ್ಷದ ಆರಂಭದಲ್ಲೇ ಪ್ರತಿ ಮನೆಗೂ ಒಂದು ಚಿಕ್ಕ ಚೀಟಿ ಕಳಿಸಿ. ಮನೆಯಲ್ಲಿ ಶಾಲೆಯ ವಿಷಯ ನೋಡಿಕೊಳ್ಳುವವರು ಯಾರು? ಯಾವ ಭಾಷೆ ಸಲೀಸು? ಓದುವುದು ಸುಲಭವೋ, ಧ್ವನಿ ಸಂದೇಶ ಕೇಳುವುದು ಸುಲಭವೋ? ಫೋನ್ ಯಾರ ಕೈಯಲ್ಲಿರುತ್ತದೆ, ಯಾವ ಹೊತ್ತಿಗೆ ಬಿಡುವು? ಇಷ್ಟು ಸಾಕು.

ಅಜ್ಜಿಯೇ ಮಗುವನ್ನು ನೋಡಿಕೊಳ್ಳುವ ಮನೆಗಳಿವೆ. ಅಪ್ಪ ಅಮ್ಮ ಬೇರೆ ಬೇರೆ ಇರುವ ಮನೆಗಳಿವೆ. ಅಲ್ಲಿ ಪತ್ರ ಇಬ್ಬರಿಗೂ ಹೋಗಬೇಕೋ ಒಬ್ಬರಿಗೋ ಅನ್ನುವುದನ್ನು ಊಹಿಸಬೇಡಿ, ಶಾಲೆಯ ದಾಖಲೆಯಲ್ಲಿ ನೋಡಿ. ರಾತ್ರಿ ಪಾಳಿ ಮಾಡುವವರಿಗೆ ಮಧ್ಯಾಹ್ನದ ಸಂದೇಶ ನಿದ್ದೆಯ ಹೊತ್ತಿಗೆ ಬರುತ್ತದೆ. ಅಕ್ಷರ ಬಾರದ ಪೋಷಕರಿದ್ದರೆ ಅದನ್ನು ತರಗತಿಯ ಎದುರು ಕೇಳಬೇಡಿ. ಚೀಟಿಯಲ್ಲಿ "ಧ್ವನಿ ಸಂದೇಶ ಕಳಿಸಿ" ಅನ್ನುವ ಆಯ್ಕೆ ಎಲ್ಲರಿಗೂ ಇದ್ದರೆ ಯಾರೂ ಮುಜುಗರಪಡಬೇಕಾಗಿಲ್ಲ.

ಇನ್ನೊಂದು ವಿಷಯ. "ಬೇಕಾದವರು ಹೆಸರು ಕೊಡಿ" ಅಂತ ಇಟ್ಟರೆ ಹೆಸರು ಕೊಡುವವರು ಕಡಿಮೆ. ಎಲ್ಲರನ್ನೂ ಮೊದಲೇ ಸೇರಿಸಿ, "ಬೇಡವಾದರೆ ತಿಳಿಸಿ" ಅಂದರೆ ಹೆಚ್ಚಿನವರು ಉಳಿಯುತ್ತಾರೆ. ಪೀಟರ್ ಬರ್ಗ್‌ಮನ್ ಮತ್ತು ಟಾಡ್ ರೋಜರ್ಸ್ ಅನ್ನುವ ಸಂಶೋಧಕರು ಪೋಷಕರಿಗೆ ಫೋನ್ ಸಂದೇಶ ಕಳಿಸುವ ವ್ಯವಸ್ಥೆಯನ್ನು ಹೀಗೆ ಎರಡೂ ಬಗೆಯಲ್ಲಿ ಪರೀಕ್ಷಿಸಿದಾಗ ಈ ವ್ಯತ್ಯಾಸ ದೊಡ್ಡದಾಗಿಯೇ ಕಂಡಿತು. ತಾವಾಗಿ ಹೆಸರು ಕೊಡದವರಿಗೆ ಆಸಕ್ತಿ ಇಲ್ಲ ಅಂತ ಅಂದುಕೊಳ್ಳುವುದು ಸುಲಭ, ಆದರೆ ಅದು ತಪ್ಪು ಲೆಕ್ಕ.

ಹಂತ 3: ದಿನ ಮತ್ತು ಉದ್ದ ಗೊತ್ತು ಮಾಡಿ

ವಾರಕ್ಕೊಂದು, ಒಂದೇ ದಿನ, ಒಂದೇ ಹೊತ್ತು. ಎರಡು ನಿಮಿಷದಲ್ಲಿ ಓದಿ ಮುಗಿಯಬೇಕು. ವಾರಕ್ಕೊಂದು ಆಗದಿದ್ದರೆ ಹದಿನೈದು ದಿನಕ್ಕೊಂದು ಅಂತಲೇ ಹೇಳಿಬಿಡಿ. ಮೂರು ವಾರ ಉತ್ಸಾಹದಿಂದ ಕಳಿಸಿ ನಾಲ್ಕನೆಯದಕ್ಕೆ ಕೈಬಿಡುವುದಕ್ಕಿಂತ ಅದು ಎಷ್ಟೋ ವಾಸಿ.

ಹಂತ 4: ಕಲಿಕೆಯ ಭಾಗ ಬರೆಯುವುದು

ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಬಹಳಷ್ಟು ಪತ್ರಗಳು ಇಲ್ಲೇ ಎಡವುತ್ತವೆ.

ಸಾಮಾನ್ಯವಾಗಿ ಬರೆಯುವುದು ಹೀಗೆ: "ಈ ವಾರ ಗಣಿತದಲ್ಲಿ ಎರಡಂಕಿ ವ್ಯವಕಲನ, ಭಾಷೆಯಲ್ಲಿ ಮೂರನೇ ಪಾಠ, ಪರಿಸರ ಅಧ್ಯಯನದಲ್ಲಿ ನೀರು. ಮನೆಯಲ್ಲಿ ಅಭ್ಯಾಸ ಮಾಡಿಸಿ." ಇದು ಪಠ್ಯಸೂಚಿಯ ನಕಲು. ಇದರಿಂದ ಪೋಷಕರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಏನು ಅಭ್ಯಾಸ, ಎಷ್ಟು, ಹೇಗೆ?

ಎಲ್ಲ ವಿಷಯ ಬಿಟ್ಟು ಒಂದನ್ನು ಹಿಡಿಯಿರಿ. ಆ ಒಂದರ ಬಗ್ಗೆ ನಾಲ್ಕು ಮಾತು ಹೇಳಿ: ತರಗತಿಯಲ್ಲಿ ಏನು ಮಾಡಿದೆವು, ಮಕ್ಕಳು ಎಲ್ಲಿ ತಪ್ಪುತ್ತಾರೆ, ಆ ತಪ್ಪು ಯಾಕೆ ಬರುತ್ತದೆ, ಮನೆಯಲ್ಲಿ ಹತ್ತು ನಿಮಿಷದಲ್ಲಿ ಏನು ಮಾಡಬಹುದು.

ಉದಾಹರಣೆಗೆ 52ರಲ್ಲಿ 27 ಕಳೆಯುವ ಲೆಕ್ಕ. ಉತ್ತರ 25. ತುಂಬ ಮಕ್ಕಳು 35 ಅಂತ ಬರೆಯುತ್ತಾರೆ. ಯಾಕೆ? ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ ಅಂತ ಕಂಡ ಕೂಡಲೇ ತಿರುಗಿಸಿ 7ರಿಂದ 2 ಕಳೆಯುತ್ತಾರೆ, 5 ಬರುತ್ತದೆ. ಹತ್ತರ ಸ್ಥಾನದಲ್ಲಿ 5ರಿಂದ 2 ಹೋದರೆ 3. ಅಂದರೆ ಮಗುವಿಗೆ ಕಳೆಯಲು ಬರುತ್ತದೆ. ಯಾವಾಗಲೂ ದೊಡ್ಡದರಿಂದಲೇ ಚಿಕ್ಕದನ್ನು ಕಳೆಯಬೇಕು ಅನ್ನುವ ನಿಯಮವನ್ನು ಅದು ತಾನೇ ಮಾಡಿಕೊಂಡಿದೆ. ಇದು ಗೊತ್ತಿಲ್ಲದ ಪೋಷಕರು 35 ನೋಡಿ "ಗಮನ ಇಲ್ಲ" ಅಂತ ಗದರುತ್ತಾರೆ. ಗೊತ್ತಿದ್ದವರು "52ರಲ್ಲಿ ಒಂದು ಹತ್ತು ಬಿಡಿಸಿ ಬರೆಯೋಣವಾ? 40 ಮತ್ತು 12 ಆಯ್ತಲ್ವಾ?" ಅಂತ ಕೇಳುತ್ತಾರೆ. ಈ ವ್ಯತ್ಯಾಸ ತರುವುದು ನಿಮ್ಮ ಪತ್ರದ ಮೂರು ಸಾಲು.

ಹಾಗೆಯೇ, ತರಗತಿಯಲ್ಲಿ ಯಾವ ವಿಧಾನ ಬಳಸುತ್ತೀರಿ ಅಂತ ಬರೆಯಿರಿ. ಪೋಷಕರು ತಾವು ಕಲಿತ ಬಗೆಯಲ್ಲೇ ಹೇಳಿಕೊಡುತ್ತಾರೆ, ಅದು ಸಹಜ. "ಪಕ್ಕದ ಮನೆಯಿಂದ ಸಾಲ ತಗೋ" ಅಂತ ಅವರು, "ಹತ್ತನ್ನು ಬಿಡಿಸು" ಅಂತ ನೀವು. ಎರಡೂ ಸರಿ. ಆದರೆ ನಡುವೆ ಸಿಕ್ಕ ಮಗುವಿಗೆ ಎರಡೂ ಬೇರೆ ಲೆಕ್ಕ ಅನ್ನಿಸುತ್ತದೆ.

ಓದಿನ ವಿಷಯಕ್ಕೂ ಇದೇ ಮಾತು. "ಓದು ಸುಧಾರಿಸಬೇಕು" ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಅನ್ನುವ ಸಂಶೋಧಕರು 1986ರಲ್ಲಿ ಓದನ್ನು ಸರಳವಾಗಿ ಎರಡು ಭಾಗ ಮಾಡಿದರು: ಅಕ್ಷರಗಳಿಂದ ಪದವನ್ನು ಗುರುತಿಸುವುದು, ಮತ್ತು ಆ ಭಾಷೆಯನ್ನು ಕೇಳಿದರೆ ಅರ್ಥ ಮಾಡಿಕೊಳ್ಳುವುದು. ಇವೆರಡರ ಗುಣಾಕಾರವೇ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಅಂದರು. ಗುಣಾಕಾರ ಆದ್ದರಿಂದ ಒಂದು ಸೊನ್ನೆ ಆದರೂ ಉತ್ತರ ಸೊನ್ನೆ. ಟೀಚರ್‌ಗೆ ಇದು ತುಂಬ ಉಪಯೋಗದ ಮಾತು. ಅಕ್ಷರದಲ್ಲಿ ತೊಡರುವ ಮಗುವಿನ ಮನೆಗೆ "ದಿನಾ ಐದು ನಿಮಿಷ ಬೆರಳಿಟ್ಟು ಜೋರಾಗಿ ಓದಲಿ, ನೀವು ಪಕ್ಕದಲ್ಲಿ ಕೂತಿರಿ" ಅಂತ ಹೇಳಬೇಕು. ಸರಾಗವಾಗಿ ಓದಿದರೂ ಏನು ಓದಿದೆ ಅಂದರೆ ಸುಮ್ಮನಾಗುವ ಮಗುವಿನ ಮನೆಗೆ "ನೀವೇ ಓದಿ ಹೇಳಿ, ನಡುವೆ ನಿಲ್ಲಿಸಿ, ಮುಂದೇನಾಗಬಹುದು ಅಂತ ಕೇಳಿ" ಅನ್ನಬೇಕು. ಎರಡೂ ಮನೆಗೆ ಒಂದೇ ಸಲಹೆ ಹೋದರೆ ಒಂದು ಮನೆಯ ಶ್ರಮ ವ್ಯರ್ಥ.

ಮನೆಗೆ ಹೇಳುವ ಕೆಲಸಕ್ಕೆ ಸಾಮಾನು ಕೊಳ್ಳುವ ಹಾಗಿರಬಾರದು. ಹತ್ತು ನಿಮಿಷ ಮೀರಬಾರದು. ಅಕ್ಷರ ಬಾರದವರೂ ಮಾಡುವಂತಿರಬೇಕು. "ಮಗು ನಿಮಗೆ ಕಲಿಸಲಿ" ಅನ್ನುವುದು ಈ ಮೂರಕ್ಕೂ ಹೊಂದುತ್ತದೆ. ಯಾವ ಭಾಷೆಯಲ್ಲಿ ಮಾತಾಡಬೇಕು ಅಂತ ಕೇಳುವವರಿಗೆ ಧೈರ್ಯವಾಗಿ ಹೇಳಿ: ನಿಮಗೆ ಸಲೀಸಾದ ಮನೆ ಭಾಷೆಯಲ್ಲಿ. ತಡವರಿಸುತ್ತಾ ಆಡುವ ಶಾಲೆಯ ಭಾಷೆಗಿಂತ ತುಂಬು ಮಾತಿನ ಮನೆ ಭಾಷೆ ಮಗುವಿಗೆ ಜಾಸ್ತಿ ಕೊಡುತ್ತದೆ.

ಅಂಕದ ಬಗ್ಗೆಯೂ ಒಂದು ಮಾತು. ರೂತ್ ಬಟ್ಲರ್ ಇಸ್ರೇಲಿನ ಶಾಲಾ ಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಶಿಕ್ಷಕರ ನಡುವೆ ಹೆಸರಾಗಿದೆ. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ. ಟಿಪ್ಪಣಿ ಮಾತ್ರ ಸಿಕ್ಕವರ ಆಸಕ್ತಿಯೂ ಕೆಲಸವೂ ಚೆನ್ನಾಗಿತ್ತು. ಎರಡೂ ಸಿಕ್ಕವರು ಅಂಕ ಮಾತ್ರ ಸಿಕ್ಕವರ ಹಾಗೇ ಇದ್ದರು. ಅಂಕ ಕಂಡ ಮೇಲೆ ಟಿಪ್ಪಣಿ ಕಣ್ಣಿಗೆ ಬೀಳುವುದಿಲ್ಲ. ದೊಡ್ಡವರೂ ಹಾಗೇ ಅಲ್ವಾ? ಆದ್ದರಿಂದ ವಾರದ ಪತ್ರದಲ್ಲಿ ಅಂಕ ಬೇಡ. ಅದಕ್ಕೆ ಪ್ರಗತಿ ಪತ್ರ ಇದ್ದೇ ಇದೆ.

ಹಂತ 5: ಮನಸ್ಸಿನ ವಿಷಯ ಬರೆಯುವುದು

ಮಕ್ಕಳ ಕ್ಷೇಮದ ಬಗ್ಗೆ ಬರೆಯಲು ಹಲವರು ಹಿಂಜರಿಯುತ್ತಾರೆ. ಬರೆಯುವವರಲ್ಲಿ ಕೆಲವರು ವೈದ್ಯರ ಹಾಗೆ ಬರೆಯುತ್ತಾರೆ. ಎರಡೂ ಬೇಡ. ಮೊದಲು ವಿಂಗಡಿಸಿಕೊಳ್ಳಿ. ಇಡೀ ತರಗತಿಗೆ ಹೇಳುವಂಥದ್ದು, ಒಂದು ಮನೆಗೆ ಮಾತ್ರ ಹೇಳುವಂಥದ್ದು, ಬರೆಯಲೇಬಾರದಂಥದ್ದು.

ಇಡೀ ತರಗತಿಗೆ ಹೇಳುವುದು ದಿನನಿತ್ಯದ ವಿಷಯ. ನಿದ್ದೆಯನ್ನೇ ತಗೊಳ್ಳಿ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದ ಪ್ರಕಾರ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಗ್ಗೆ ಆರೂವರೆಗೆ ಏಳಬೇಕಾದ ಮಗು ಒಂಬತ್ತೂವರೆಗಾದರೂ ನಿದ್ದೆ ಹೋಗಿರಬೇಕು, ಅದೂ ಕನಿಷ್ಠ ಲೆಕ್ಕ. "ಬೇಗ ಮಲಗಿಸಿ" ಅನ್ನುವುದಕ್ಕಿಂತ ಈ ಲೆಕ್ಕ ಬರೆದರೆ ಮನೆಯವರು ತಾವೇ ಎಣಿಸಿಕೊಳ್ಳುತ್ತಾರೆ. ಆಟವೂ ಹಾಗೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬಗ್ಗಿಸುವ ಚಟುವಟಿಕೆ ಬೇಕು ಅನ್ನುತ್ತದೆ. ಶಾಲೆಯಲ್ಲಿ ಅದರಲ್ಲಿ ಎಷ್ಟು ಆಗುತ್ತದೆ ಅಂತ ಪ್ರಾಮಾಣಿಕವಾಗಿ ತಿಳಿಸಿ. ಉಳಿದದ್ದು ಮನೆಗೆ ಸೇರಿದ್ದು ಅಂತ ಅವರಿಗೆ ಗೊತ್ತಾಗುತ್ತದೆ.

ಮಕ್ಕಳ ಜಗಳ, ಗುಂಪು ಕಟ್ಟುವುದು, "ನಿನ್ನ ಜೊತೆ ಟೂ" ಅನ್ನುವುದು ಇವನ್ನೂ ಹೆಸರು ಹೇಳದೆ ಬರೆಯಬಹುದು. "ಎಂಟು ವರ್ಷದ ಆಸುಪಾಸು ಆಪ್ತ ಗೆಳೆಯರು ಬೇಕು ಅನ್ನಿಸುವ ಕಾಲ. ಹಾಗಾಗಿ ಗುಂಪಿನಿಂದ ಹೊರಗುಳಿಯುವ ನೋವೂ ಜಾಸ್ತಿ. ತರಗತಿಯಲ್ಲಿ ಆಟಕ್ಕೆ ಸೇರಿಸಿಕೊಳ್ಳಿ ಅಂತ ಕೇಳುವುದು ಹೇಗೆ ಅನ್ನುವುದನ್ನು ನಾಟಕ ಮಾಡಿ ನೋಡಿದೆವು" ಅಂದರೆ ಸಾಕು.

ಒಂದೇ ಮನೆಗೆ ಹೇಳುವಾಗ ಒಂದು ಕ್ರಮ ಇಟ್ಟುಕೊಳ್ಳಿ: ಏನು ಕಂಡಿರಿ, ಯಾವಾಗಿನಿಂದ, ನೀವೇನು ಮಾಡಿದಿರಿ, ಮನೆಯಲ್ಲಿ ಹೇಗಿದೆ. ಹಣೆಪಟ್ಟಿ ಹಚ್ಚಬೇಡಿ. "ನಿಮ್ಮ ಮಗನಿಗೆ ಆತಂಕದ ಸಮಸ್ಯೆ ಇದೆ" ಅನ್ನುವ ಅಧಿಕಾರ ಟೀಚರ್‌ಗೆ ಇಲ್ಲ. ಹೀಗೆ ಹೇಳಬಹುದು:

"ನಮಸ್ಕಾರ ಅಮ್ಮ. ಎರಡು ವಾರದಿಂದ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಗ ಹೊಟ್ಟೆ ನೋವು ಅನ್ನುತ್ತಾನೆ. ಹತ್ತು ಗಂಟೆ ಹೊತ್ತಿಗೆ ಸರಿಹೋಗುತ್ತದೆ. ನಾನು ಅವನನ್ನು ಮುಂದಿನ ಬೆಂಚಿಗೆ ಕೂರಿಸಿಕೊಂಡು ಮೊದಲ ಹತ್ತು ನಿಮಿಷ ಜೊತೆಗಿರುತ್ತಿದ್ದೇನೆ. ಮನೆಯಿಂದ ಹೊರಡುವಾಗ ಹೇಗಿರುತ್ತಾನೆ? ಬಿಡುವಾದಾಗ ಒಂದು ಫೋನ್ ಮಾಡ್ತೀರಾ? ಗಾಬರಿ ಬೇಡ, ಸೇರಿ ನೋಡೋಣ."

ಇದರಲ್ಲಿ ತೀರ್ಪು ಇಲ್ಲ. ಕಾರಣ ಏನು ಅನ್ನುವ ಊಹೆಯೂ ಇಲ್ಲ. ಹೊಟ್ಟೆ ನೋವು ನಿಜವಾಗಿಯೂ ಹೊಟ್ಟೆಯದ್ದೇ ಇರಬಹುದು, ಆ ದಾರಿಯನ್ನೂ ಮುಚ್ಚಿಲ್ಲ. ಶಾಲೆಯಲ್ಲಿ ಮಕ್ಕಳ ಭಾವನೆ, ನಡವಳಿಕೆ ಅಳೆಯುವ ಪ್ರಶ್ನಾವಳಿ ಬಳಸುವವರಿದ್ದಾರೆ. ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ 25 ಅಂಶಗಳ ಪ್ರಶ್ನಾವಳಿ ಅಂಥದ್ದು. ಅದರ ಅಂಕ ಮಗುವನ್ನು ಇನ್ನಷ್ಟು ಗಮನಿಸಬೇಕು ಅನ್ನುವ ಸುಳಿವು ಅಷ್ಟೇ. ಅದನ್ನು ಬರೀ ಸಂಖ್ಯೆಯಾಗಿ ಮನೆಗೆ ಕಳಿಸಬೇಡಿ.

ಇನ್ನು ಬರೆಯಲೇಬಾರದ್ದು. ಮಗುವಿನ ಮೈಮೇಲೆ ಗುರುತು ಕಂಡರೆ, ಯಾರೋ ಹಿಂಸೆ ಕೊಡುತ್ತಿದ್ದಾರೆ ಅಂತ ಮಗು ಹೇಳಿದರೆ, ಅಥವಾ ಹಾಗೆ ಅನುಮಾನ ಬಂದರೆ ಮನೆಗೆ ಸಂದೇಶ ಕಳಿಸಬೇಡಿ. ಅಪಾಯ ಮನೆಯೊಳಗೇ ಇರಬಹುದು. ಮಗುವಿನ ಮಾತನ್ನು ಅದೇ ಪದಗಳಲ್ಲಿ, ದಿನಾಂಕ ಹಾಕಿ ಬರೆದಿಟ್ಟು, ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಜವಾಬ್ದಾರಿ ಹೊತ್ತವರಿಗೆ ಅದೇ ದಿನ ತಿಳಿಸಿ. ಮುಂದಿನದು ಕಾನೂನಿನ ದಾರಿ. ನೀವು ಹೆಚ್ಚಿಗೆ ಪ್ರಶ್ನೆ ಕೇಳಿ ತನಿಖೆ ಮಾಡಲು ಹೋಗಬೇಡಿ. "ಯಾರಿಗೂ ಹೇಳಲ್ಲ" ಅಂತ ಮಗುವಿಗೆ ಮಾತು ಕೊಡಲೂ ಬೇಡಿ. ಮಗು ತನ್ನನ್ನು ತಾನೇ ನೋಯಿಸಿಕೊಳ್ಳುವ ಮಾತಾಡಿದರೆ ಅದಕ್ಕೂ ಪತ್ರ ಸಲ್ಲದು. ಅದೇ ದಿನ, ಮುಖಾಮುಖಿ ಮಾತು. ಅಲ್ಲಿಯವರೆಗೆ ಮಗು ಒಂಟಿಯಾಗಿರಬಾರದು.

ಶಾಲೆಯಲ್ಲಿ ಸಾವು ಅಥವಾ ಅಪಘಾತದಂಥದ್ದು ನಡೆದರೆ ಆ ದಿನವೇ ಎಲ್ಲ ಮನೆಗೂ ತಿಳಿಸಬೇಕು. ಏನಾಯಿತು ಅನ್ನುವುದಕ್ಕಿಂತ ಮಕ್ಕಳಿಗೆ ನೀವು ಯಾವ ಮಾತಿನಲ್ಲಿ ಹೇಳಿದಿರಿ ಅನ್ನುವುದು ಮುಖ್ಯ. ಮನೆಯಲ್ಲೂ ಅದೇ ಮಾತು ಬರಲಿ. ಚಿಕ್ಕವರಿಗೆ "ತೀರಿಕೊಂಡರು, ಅವರ ದೇಹ ಕೆಲಸ ನಿಲ್ಲಿಸಿತು, ಮತ್ತೆ ಬರುವುದಿಲ್ಲ" ಅಂತ ನೇರವಾಗಿ ಹೇಳುವುದು ಒಳ್ಳೆಯದು. "ನಿದ್ದೆ ಹೋದರು" ಅಂದರೆ ಕೆಲವು ಮಕ್ಕಳಿಗೆ ಮಲಗಲೇ ಭಯವಾಗುತ್ತದೆ.

ಹಂತ 6: ತಿಂಗಳಿಗೊಮ್ಮೆಯಾದರೂ ಆ ಮಗುವಿನದೇ ಸುದ್ದಿ

ತರಗತಿಯ ಪತ್ರ ಎಷ್ಟೇ ಚೆನ್ನಾಗಿರಲಿ, ಪೋಷಕರು ಹುಡುಕುವುದು ತಮ್ಮ ಮಗುವಿನ ಹೆಸರನ್ನು. ಹಾಜರಿ ಪುಸ್ತಕದ ಹೆಸರುಗಳ ಪಟ್ಟಿಯ ಒಂದು ನಕಲು ಮಾಡಿಕೊಂಡು, ಸಂದೇಶ ಕಳಿಸಿದ ದಿನ ಎದುರಿಗೆ ಬರೆದಿಡಿ. ಮೂವತ್ತು ಮಕ್ಕಳಿದ್ದರೆ ವಾರಕ್ಕೆ ಏಳೆಂಟು ಮನೆ, ಒಂದೊಂದಕ್ಕೂ ಎರಡು ಸಾಲು. ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ತುಂಬ ಜಾಣರ ಮನೆಗೂ ತುಂಬ ತುಂಟರ ಮನೆಗೂ ಸುದ್ದಿ ಹೋಗುತ್ತಿರುತ್ತದೆ. ಸುಮ್ನೆ ಕೂತು ಕೆಲಸ ಮಾಡುವ ನಡುವಿನ ಮಕ್ಕಳು ವರ್ಷವಿಡೀ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡು ಸಾಲಿನಿಂದ ಏನಾಗುತ್ತದೆ ಅನ್ನುವವರಿಗೆ ಒಂದು ಅಧ್ಯಯನ ಹೇಳುತ್ತೇನೆ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಟಾಡ್ ರೋಜರ್ಸ್ 2015ರಲ್ಲಿ ಪ್ರಕಟಿಸಿದ್ದು. ಟೀಚರ್‌ಗಳು ಬರೆದ ಒಂದೇ ಒಂದು ಸಾಲಿನ ಸಂದೇಶ ವಾರಕ್ಕೊಮ್ಮೆ ಮನೆಗೆ ಹೋಗುತ್ತಿತ್ತು. ಸಂದೇಶ ಹೋದ ಮನೆಗಳಲ್ಲಿ ಅನುತ್ತೀರ್ಣರಾದವರ ಪ್ರಮಾಣ ಸುಮಾರು 16%ರಿಂದ 9%ರ ಆಸುಪಾಸಿಗೆ ಇಳಿಯಿತು. ಬರೀ ಹೊಗಳಿದ ಸಂದೇಶಕ್ಕಿಂತ ಏನು ಸುಧಾರಿಸಬೇಕು ಅಂತ ಹೇಳಿದ ಸಂದೇಶಕ್ಕೆ ಜಾಸ್ತಿ ಫಲ ಕಂಡಿತು. ಅದು ಪ್ರೌಢಶಾಲೆಯವರಿಗೆ ನಡೆದ ಬೇಸಿಗೆ ತರಗತಿ, ಪ್ರಾಥಮಿಕಕ್ಕೆ ಅದೇ ಸಂಖ್ಯೆ ಹೊಂದುತ್ತದೆ ಅನ್ನಲಾಗದು. ಆದರೂ ಪಾಠ ಸ್ಪಷ್ಟ: "ಚೆನ್ನಾಗಿ ಓದುತ್ತಿದ್ದಾಳೆ" ಅನ್ನುವುದರಿಂದ ಮನೆಯವರಿಗೆ ಮಾಡಲು ಏನೂ ಸಿಗುವುದಿಲ್ಲ.

ಹೊಗಳುವಾಗಲೂ ಏನನ್ನು ಹೊಗಳುತ್ತೀರಿ ಅನ್ನುವುದು ಮುಖ್ಯ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಕಂಡದ್ದು ಇದು: ಬುದ್ಧಿವಂತಿಕೆಗೆ ಹೊಗಳಿಸಿಕೊಂಡವರು ಮುಂದೆ ಕಷ್ಟದ ಲೆಕ್ಕ ಬಂದು ಸೋತಾಗ ಬೇಗ ಕೈಚೆಲ್ಲಿದರು. ಪ್ರಯತ್ನಕ್ಕೆ ಹೊಗಳಿಸಿಕೊಂಡವರು ಹೆಚ್ಚು ಹೊತ್ತು ಹಿಡಿದು ಕೂತರು. ಆದ್ದರಿಂದ "ಜಾಣೆ" ಬಿಟ್ಟು "ಮೊದಲ ಸಲ ಕತೆ ಕೊನೆಗೆ ಹೊಂದಲಿಲ್ಲ ಅಂತ ತಾನೇ ಅಳಿಸಿ ಮತ್ತೆ ಬರೆದಳು" ಅಂತ ಬರೆಯಿರಿ. ಇದನ್ನು ಓದಿದ ಮನೆಯವರೂ ಅದನ್ನೇ ಎತ್ತಿ ಹೇಳುತ್ತಾರೆ.

ಕಷ್ಟದ ಸುದ್ದಿಗೆ ಫೋನ್ ಅಥವಾ ಭೇಟಿ. ಬರೆದ ಕೆಟ್ಟ ಸುದ್ದಿಗೆ ದನಿ ಇರುವುದಿಲ್ಲ. ಓದುವವರು ತಮ್ಮ ಭಯದ ದನಿಯಲ್ಲೇ ಅದನ್ನು ಓದಿಕೊಳ್ಳುತ್ತಾರೆ.

ಗೈರುಹಾಜರಿ ಮಾತ್ರ ಬರೆದು ತಿಳಿಸುವುದೇ ಒಳ್ಳೆಯದು, ಅದೂ ಒಟ್ಟು ಲೆಕ್ಕದಲ್ಲಿ. ಟಾಡ್ ರೋಜರ್ಸ್ ಮತ್ತು ಅವಿ ಫೆಲ್ಲರ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಾವಿರಾರು ಮನೆಗಳಿಗೆ ಅಂಚೆ ಮೂಲಕ ಮಗು ಎಷ್ಟು ದಿನ ತಪ್ಪಿಸಿದೆ ಅಂತ ತಿಳಿಸಿ ನೋಡಿದರು. 2018ರಲ್ಲಿ ಅದರ ಫಲಿತಾಂಶ ಬಂತು. ತೀರಾ ಹೆಚ್ಚು ದಿನ ತಪ್ಪಿಸುವ ಮಕ್ಕಳ ಪ್ರಮಾಣ 10%ರಷ್ಟು ಅಥವಾ ಅದಕ್ಕೂ ಜಾಸ್ತಿ ಕಡಿಮೆಯಾಗಿತ್ತು. ಪೋಷಕರಿಗೆ ಒಟ್ಟು ಎಷ್ಟು ಅನ್ನುವ ಅಂದಾಜೇ ಇರುವುದಿಲ್ಲ. ತಿಂಗಳಿಗೆ ಎರಡು ದಿನ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ತಿಂಗಳಿಗೆ ಇಪ್ಪತ್ತು ಶಾಲಾ ದಿನ ಇದ್ದರೆ ಅದು ಹತ್ತನೇ ಒಂದು ಭಾಗ. ಬೈಯುವ ಪದ ಒಂದೂ ಇಲ್ಲದೆ ಈ ಲೆಕ್ಕ ಮಾತ್ರ ಕಳಿಸಿ. ಕೊನೆಗೆ "ಬರಲು ಏನಾದರೂ ತೊಂದರೆ ಇದ್ದರೆ ಹೇಳಿ" ಅಂತ ಸೇರಿಸಿ, ಯಾಕೆಂದರೆ ನಿಜವಾಗಿಯೂ ಇರಬಹುದು.

ಹಂತ 7: ಗುಂಪಿನಲ್ಲಿ ಏನು ಹಾಕಬಾರದು

ವಾಟ್ಸಾಪ್ ಗುಂಪು ಅನುಕೂಲವೂ ಹೌದು, ತಲೆನೋವೂ ಹೌದು. ತರಗತಿಯ ಪತ್ರಕ್ಕೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಟ್ಟರೆ ನಿಮ್ಮ ಪತ್ರ ಶುಭೋದಯದ ಚಿತ್ರಗಳ ಅಡಿಯಲ್ಲಿ ಹೂತುಹೋಗುವುದಿಲ್ಲ. ಗುಂಪಿನಲ್ಲಿ ಅಂಕಪಟ್ಟಿ, ಹೋಂವರ್ಕ್ ಮಾಡದವರ ಹೆಸರು, ವಾರದ ಉತ್ತಮ ವಿದ್ಯಾರ್ಥಿ ಇವು ಬೇಡವೇ ಬೇಡ. ಕೊನೆಯದಕ್ಕೆ ಹಲವರು ಆಕ್ಷೇಪಿಸುತ್ತಾರೆ. ಆದರೆ ಒಂದು ಹೆಸರು ಕಂಡಾಗ ಉಳಿದ ಮನೆಗಳಲ್ಲಿ "ನೀನ್ಯಾಕಿಲ್ಲ?" ಅನ್ನುವ ಪ್ರಶ್ನೆ ಏಳುತ್ತದೆ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಕ್ಕಳ ಖಾಸಗಿತನ ಕಾಪಾಡುತ್ತದೆ. 12ನೇ ವಿಧಿ ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಕೊಡುತ್ತದೆ. ಇವೆರಡನ್ನೂ ಸೇರಿಸಿದರೆ ಫೋಟೋದ ವಿಷಯ ಸುಲಭವಾಗಿ ಬಗೆಹರಿಯುತ್ತದೆ. ಪೋಷಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ, ಮಗುವನ್ನೂ ಕೇಳಿ. ಆರು ವರ್ಷದವರೂ "ನನ್ನ ಚಿತ್ರ ಬೇಡ" ಅನ್ನಬಲ್ಲರು. ಅನುಮಾನ ಇದ್ದರೆ ಮುಖ ಬಿಟ್ಟು ಕೈಗಳ, ಕೆಲಸದ ಫೋಟೋ ತೆಗೆಯಿರಿ. ನಿಜ ಹೇಳಬೇಕೆಂದರೆ ಸಾಲಾಗಿ ನಿಂತ ಮುಖಗಳಿಗಿಂತ ಅರ್ಧ ಮಾಡಿದ ಲೆಕ್ಕದ ಫೋಟೋವೇ ಪೋಷಕರಿಗೆ ಜಾಸ್ತಿ ಹೇಳುತ್ತದೆ.

ಹಂತ 8: ಒಂದು ಪತ್ರ ಬರೆದು ನೋಡೋಣ

ಮೂರನೇ ತರಗತಿಗೆ ಅಂದುಕೊಳ್ಳಿ.

"ನಮಸ್ಕಾರ. ಈ ವಾರ ಎರಡಂಕಿ ಸಂಖ್ಯೆ ಕಳೆಯುವುದನ್ನು ಕಡ್ಡಿಗಳಿಂದ ಮಾಡಿದೆವು. ಹತ್ತು ಕಡ್ಡಿಗೆ ಒಂದು ಕಟ್ಟು. ಬಿಡಿ ಕಡ್ಡಿ ಸಾಲದಾದಾಗ ಒಂದು ಕಟ್ಟು ಬಿಚ್ಚುವುದು. 52ರಿಂದ 27 ಕಳೆದಾಗ 35 ಅಂತ ಬರೆದರೆ ಗಾಬರಿಯಾಗಬೇಡಿ, ಈ ಹಂತದಲ್ಲಿ ಎಲ್ಲ ಕಡೆ ಬರುವ ತಪ್ಪು ಇದು. 'ಕಟ್ಟು ಬಿಚ್ಚಿದೆಯಾ?' ಅಂತ ಕೇಳಿ, ಅಷ್ಟೇ ಸಾಕು.

ಮನೆಯಲ್ಲಿ ಮಾಡಲು: ಕಡ್ಡಿ ಇಲ್ಲದಿದ್ದರೆ ಕಾಳುಗಳಾದರೂ ಆಗುತ್ತದೆ. ಒಂದು ಲೆಕ್ಕ ನೀವು ಕೊಡಿ, ಒಂದು ಲೆಕ್ಕ ಮಗು ನಿಮಗೆ ಕೊಡಲಿ. ಬೇಕೆಂದೇ ಒಂದು ತಪ್ಪು ಮಾಡಿ, ಹಿಡಿಯುತ್ತಾರಾ ನೋಡಿ.

ತರಗತಿಯ ಗಾಳಿ ಹೇಗಿದೆ: ಆಟದ ಹೊತ್ತಿನಲ್ಲಿ ಗುಂಪು ಮಾಡುವಾಗ ಸ್ವಲ್ಪ ಜಗಳ. ತಂಡವನ್ನು ಚೀಟಿ ಎತ್ತಿ ಮಾಡುವುದು ಅಂತ ಮಕ್ಕಳೇ ತೀರ್ಮಾನಿಸಿದ್ದಾರೆ. ಮನೆಯಲ್ಲಿ ಕೇಳಿ: 'ಇವತ್ತು ಯಾವ ತಂಡಕ್ಕೆ ಬಿದ್ದೆ? ಹೊಸದಾಗಿ ಯಾರ ಜೊತೆ ಆಡಿದೆ?'

ನನಗೊಂದು ಪ್ರಶ್ನೆ: ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬರುತ್ತಿದೆ? ಮೊದಲ ಅವಧಿಯಲ್ಲಿ ಕೆಲವರು ತೂಕಡಿಸುತ್ತಿದ್ದಾರೆ. ಬರೀ ಗಂಟೆ ಬರೆದು ಕಳಿಸಿದರೂ ಆಯಿತು."

ಇಷ್ಟೇ. ಕಳಿಸುವ ಮೊದಲು ಒಮ್ಮೆ ಜೋರಾಗಿ ಓದಿ. ನಾಲಿಗೆ ತೊಡರುವ ಕಡೆ ವಾಕ್ಯ ಒಡೆಯಿರಿ. ಸಾಮರ್ಥ್ಯ, ಕಲಿಕಾ ಫಲ, ರೂಪಣಾತ್ಮಕ ಮೌಲ್ಯಮಾಪನ ಅನ್ನುವ ಪದಗಳು ನುಸುಳಿದ್ದರೆ ತೆಗೆಯಿರಿ, ಅವು ನಮ್ಮ ಕಚೇರಿಯ ಪದಗಳು. "ಮನೆಯಲ್ಲಿ ಗಮನ ಕೊಡಿ" ಅನ್ನುವ ಸಾಲು ಇದ್ದರೆ ಅದನ್ನೂ. ಈಗ ಗಮನ ಕೊಡುತ್ತಿಲ್ಲ ಅನ್ನುವ ಆರೋಪ ಅದರೊಳಗೆ ಕೂತಿದೆ. ಧ್ವನಿ ಸಂದೇಶವಾದರೆ ಒಂದು ನಿಮಿಷದೊಳಗೆ ಮುಗಿಸಿ. ಮನೆಯಲ್ಲಿ ಮಾಡುವ ಕೆಲಸವನ್ನು ಮೊದಲೇ ಹೇಳಿಬಿಡಿ, ಕೊನೆಯವರೆಗೆ ಕೇಳದವರೂ ಇರುತ್ತಾರೆ.

ನಾಲ್ಕು, ಐದನೇ ತರಗತಿಯಲ್ಲಿ ಮೊದಲ ಪ್ಯಾರಾ ಮಕ್ಕಳೇ ಬರೆಯಲಿ. ಇಬ್ಬರು ವಾರಕ್ಕೊಮ್ಮೆ ಸರದಿಯಲ್ಲಿ. ತಾವು ಏನು ಕಲಿತೆವು ಅಂತ ಬೇರೆಯವರಿಗೆ ಅರ್ಥವಾಗುವ ಹಾಗೆ ಬರೆಯುವುದೇ ಒಂದು ಕಲಿಕೆ. ನಿಮ್ಮ ಕೆಲಸವೂ ಹಗುರ.

ಹಂತ 9: ಉತ್ತರ ಬರುವ ದಾರಿ ಇಡಿ

ಪ್ರತಿ ಪತ್ರದಲ್ಲಿ ಒಂದೇ ಪ್ರಶ್ನೆ, ಒಂದು ಪದದಲ್ಲಿ ಉತ್ತರಿಸುವಂಥದ್ದು. ಬಂದ ಉತ್ತರಕ್ಕೆ ಏನು ಮಾಡಿದಿರಿ ಅಂತ ಮುಂದಿನ ಪತ್ರದಲ್ಲಿ ಹೇಳಿ. "ಹೆಚ್ಚಿನವರು ಹತ್ತೂವರೆ ಅಂದಿರಿ. ಮೊದಲ ಅವಧಿಯಲ್ಲಿ ಓದು ಬಿಟ್ಟು ಓಡಾಡುವ ಚಟುವಟಿಕೆ ಇಟ್ಟಿದ್ದೇನೆ. ಮಲಗುವ ಹೊತ್ತು ಈ ವಾರ ಕಾಲು ಗಂಟೆ ಹಿಂದೆ ತರೋಣವಾ?" ಹೀಗೆ ಕಂಡರೆ ಮುಂದಿನ ಸಲ ಇನ್ನೂ ಕೆಲವರು ಬರೆಯುತ್ತಾರೆ. ಉತ್ತರ ಎಲ್ಲಿಗೋ ಹೋಗಿ ಮಾಯವಾದರೆ ಯಾರೂ ಬರೆಯುವುದಿಲ್ಲ.

ನಿಮಗೂ ಒಂದು ಗಡಿ ಬೇಕು. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಉತ್ತರಿಸುತ್ತೀರಿ ಅಂತ ಮೊದಲ ಪತ್ರದಲ್ಲೇ ತಿಳಿಸಿ. ತುರ್ತಿಗೆ ಶಾಲೆಯ ನಂಬರ್ ಕೊಡಿ. ರಾತ್ರಿ ಹನ್ನೊಂದಕ್ಕೆ ಒಮ್ಮೆ ಉತ್ತರಿಸಿದರೆ ಅದೇ ರೂಢಿಯಾಗುತ್ತದೆ.

ಮರುಮಾತೇ ಬಾರದ ಮನೆಗಳ ಬಗ್ಗೆ ಬೇಗ ತೀರ್ಮಾನಕ್ಕೆ ಬರಬೇಡಿ. ಫೋನ್ ಬದಲಾಗಿರಬಹುದು. ಶಾಲೆಯಿಂದ ಬರುವ ಕರೆ ಅಂದರೆ ದೂರು ಅನ್ನುವ ಹಳೆಯ ಅನುಭವ ಇರಬಹುದು. ಮೂರು ಪತ್ರಕ್ಕೂ ಸದ್ದಿಲ್ಲದಿದ್ದರೆ ಗೇಟಿನ ಹತ್ತಿರ ಸಿಕ್ಕಾಗ ಆ ಮಗುವಿನ ಒಂದು ಒಳ್ಳೆಯ ಸುದ್ದಿ ಹೇಳಿ, ಪತ್ರದ ಮಾತೇ ಎತ್ತಬೇಡಿ.

ಮುಖ್ಯ ಶಿಕ್ಷಕರು ಮಾಡಬೇಕಾದದ್ದು ಎರಡು. ಪತ್ರ ಬರೆಯಲು ವೇಳಾಪಟ್ಟಿಯಲ್ಲಿ ಅರ್ಧ ಗಂಟೆ ಬಿಡಬೇಕು, ಮನೆಗೆ ಹೋಗಿ ಬರೆಯಿರಿ ಅಂದರೆ ಎರಡು ತಿಂಗಳಲ್ಲಿ ನಿಂತುಹೋಗುತ್ತದೆ. ಮತ್ತು ಎಲ್ಲ ತರಗತಿಯ ಪತ್ರದ ಆಕಾರ ಒಂದೇ ಇರಬೇಕು, ಇಬ್ಬರು ಮೂವರು ಮಕ್ಕಳಿರುವ ಮನೆಯವರು ಎಲ್ಲಿ ಏನಿದೆ ಅಂತ ಹುಡುಕುವ ಹಾಗಾಗಬಾರದು. ಪ್ರತಿ ಪತ್ರವನ್ನೂ ತಿದ್ದಿ ಒಪ್ಪಿಗೆ ಹಾಕುವ ಪದ್ಧತಿ ಬೇಡ. ಶುಕ್ರವಾರದ ಪತ್ರ ಬುಧವಾರ ಹೋಗುವುದು ಅದರಿಂದಲೇ.

ಶೈಕ್ಷಣಿಕ ಅವಧಿಯ ಕೊನೆಗೆ ಬೇರೆ ಬೇರೆ ಬಗೆಯ ನಾಲ್ಕೈದು ಮನೆಯವರನ್ನು ಕೂರಿಸಿಕೊಂಡು ಹಳೆಯ ಪತ್ರಗಳನ್ನು ಮುಂದಿಡಿ. "ಇಷ್ಟವಾಯಿತಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಇದರಲ್ಲಿ ಯಾವುದನ್ನು ಮನೆಯಲ್ಲಿ ಮಾಡಿದಿರಿ?" ಅಂತ ಕೇಳಿ. ಯಾರೂ ಮಾಡದ ಭಾಗವನ್ನು ಮುಂದಿನ ಅವಧಿಯ ಪತ್ರದಿಂದ ತೆಗೆದುಹಾಕಿ.